ನಮ್ಮ ಹಾಡನ್ನು ನಾವೇ ಹಾಡಬಾರದಿದ್ದ ವರ್ಷ

ಹೋದ ತಿಂಗಳು ಹೊಸೂರು ಬಸ್ ನಿಲ್ದಾಣದ ಹತ್ತಿರ ಒಂದು ಹೂವಿನಂಗಡಿಯಲ್ಲಿ ನಿಂತಿದ್ದೆ. ನಮ್ಮ ಶಾಲೆಯ ಟೀಚರೊಬ್ಬರ ಬೀಳ್ಕೊಡುಗೆಗೆ ಹೂಗುಚ್ಛ ಬೇಕಿತ್ತು. ಅಂಗಡಿಯವನು ಬಾಗಲೂರು ಕಡೆಯಿಂದ ಆಗತಾನೇ ಬಂದಿದ್ದ ರಟ್ಟಿನ ಡಬ್ಬವೊಂದನ್ನು ಕುಯ್ದು ತೆರೆದ. ನೆನೆದ ರಟ್ಟು, ಹಸಿ ಕಾಂಡ, ಅದರಡಿಯಲ್ಲಿ ತೆಳ್ಳಗೆ ಔಷಧಿಯ ವಾಸನೆ. ದೂರದ ಊರುಗಳಿಗೆ ಕಳಿಸುವ ಆ ಗುಲಾಬಿಗಳಿಗೆ ಪರಿಮಳವೇ ಇರುವುದಿಲ್ಲ. ಯಾವ ಬಣ್ಣ ಎಂದು ಅವನು ತಮಿಳಿನಲ್ಲಿ ಎರಡು ಸಲ ಕೇಳಿದ ಮೇಲೆ ಸುಮ್ಮನೆ ಒಂದು ಕಡೆ ಕೈ ತೋರಿಸಿದೆ.

ಆ ವಾಸನೆಯೊಳಗೆ ನಾನು ಒಂದಿಡೀ ವರ್ಷ ಕಳೆದಿದ್ದೇನೆ.

ಬಾಗಲೂರಿನಾಚೆ ತಿಮ್ಮಾರೆಡ್ಡಿಯವರ ಗುಲಾಬಿ ತೋಟವಿತ್ತು. ಹೂ ವಿಂಗಡಿಸುವ ಶೆಡ್ಡಿನ ಮೂಲೆಯಲ್ಲಿ, ಹೂ ಬಾಡದಂತೆ ತಣ್ಣಗಿಡುವ ಒಂದು ಹಳೆಯ ಕೋಲ್ಡ್ ರೂಮ್. ಅದರ ಯಂತ್ರ ಸುಟ್ಟುಹೋದ ಮೇಲೆ ರೆಡ್ಡಿಯವರು ಹೊಸದೊಂದನ್ನು ಕಟ್ಟಿಸಿಕೊಂಡು ಇದನ್ನು ಹಾಗೇ ಬಿಟ್ಟಿದ್ದರು. ತಗಡು ಹೊದ್ದ ದಪ್ಪನೆಯ ಗೋಡೆ, ಕಿಟಕಿ ಇಲ್ಲ, ಒಳಗೆ ಎಷ್ಟು ಗದ್ದಲ ಮಾಡಿದರೂ ಹೊರಗೆ ಗುಂಯ್ ಎನ್ನುವಷ್ಟೇ ಕೇಳುತ್ತಿತ್ತು. ಶೆಡ್ಡಿನಲ್ಲಿ ಹೂ ವಿಂಗಡಿಸುತ್ತಿದ್ದ ಯಲ್ಲಮ್ಮ ಧಣಿಯನ್ನು ಕೇಳಿ ಅದನ್ನು ತಮ್ಮ ಮಗನಿಗೆ ಬಿಡಿಸಿಕೊಟ್ಟಿದ್ದರು. ಆ ಮಗ ಮುನಿರಾಜು. ನಮ್ಮ ರಾಕ್ ಬ್ಯಾಂಡಿಗೆ ಹಾಡು ಕಟ್ಟುವವನು, ಹಾಡುವವನು, ಗಿಟಾರ್ ನುಡಿಸುವವನು ಎಲ್ಲ ಅವನೇ. ಬ್ಯಾಂಡಿಗೂ ಕೋಲ್ಡ್ ರೂಮ್ ಎಂದೇ ಹೆಸರಿಟ್ಟೆವು.

ನಾವಿದ್ದದ್ದು ಮೂವರು. ಮುನಿರಾಜು ಹೊಸೂರಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರ. ಡ್ರಮ್ಸ್ ಬಾರಿಸುವ ಸೆಲ್ವಂ ಕೃಷ್ಣಗಿರಿಯವನು. ಮಾವಿನ ಕಾಲದಲ್ಲಿ ಹಣ್ಣಿನ ತಿರುಳು ತೆಗೆಯುವ ಫ್ಯಾಕ್ಟರಿಯಲ್ಲಿ ದುಡಿದು, ಉಳಿದ ತಿಂಗಳು ಸಿಕ್ಕ ಕೆಲಸ ಮಾಡುತ್ತಿದ್ದ. ಮೂರನೆಯವಳು ನಾನು, ಗಾಯತ್ರಿ, ಮತ್ತಿಗಿರಿಯ ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್. ಶಾಲೆಯ ವಾರ್ಷಿಕೋತ್ಸವಕ್ಕೆ ಅವರಿಬ್ಬರೂ ವಾದ್ಯ ನುಡಿಸಲು ಬಂದಿದ್ದಾಗ, ಕುರ್ಚಿಯ ಮೇಲಿದ್ದ ಬೇಸ್ ಗಿಟಾರನ್ನು ನಾನು ಸುಮ್ಮನೆ ಮೀಟಿ ನೋಡಿದ್ದೇ ಶುರು. ಚಿಕ್ಕಂದಿನಲ್ಲಿ ಎಂಟು ವರ್ಷ ವೀಣೆ ಕಲಿತು ಬಿಟ್ಟ ಬೆರಳುಗಳು. ಆ ದಪ್ಪ ತಂತಿಯ ನಾದ ಎದೆಗೆ ಬಂದು ಬಡಿದಾಗ ಕೈ ತೆಗೆಯಲು ಮನಸ್ಸಾಗಲಿಲ್ಲ. ಮುನಿರಾಜು ನನಗಿಂತ ನಾಲ್ಕು ವರ್ಷ ಚಿಕ್ಕವನು. ಇವತ್ತಿಗೂ ನನ್ನನ್ನು ಟೀಚ್ರೇ ಎಂದೇ ಕರೆಯುತ್ತಾನೆ.

ಕೋಲ್ಡ್ ರೂಮಿನ ಬಾಗಿಲಿಗೆ ಒಂದು ದೋಷವಿತ್ತು. ಮುಚ್ಚಿದರೆ ಚಿಲಕ ತಾನೇ ಬೀಳುತ್ತಿತ್ತು, ಒಳಗಿನ ಹಿಡಿ ಮುರಿದುಹೋಗಿತ್ತು, ಹೊರಗಿನಿಂದ ಮಾತ್ರ ತೆಗೆಯಬಹುದಿತ್ತು. ಹೊಸ್ತಿಲಲ್ಲಿ ಕಲ್ಲಿಟ್ಟು ಬಾಗಿಲನ್ನು ಓರೆ ಮಾಡಿದರೆ ಸದ್ದು ಹೊರಗೆ ಹೋಗಿ ಪಕ್ಕದ ತೋಟದವರು ಬೈಯುತ್ತಿದ್ದರು. ಅದಕ್ಕೆ ಯಲ್ಲಮ್ಮ ಒಂದು ಉಪಾಯ ಕಂಡುಕೊಂಡಿದ್ದರು.

"ನೀವು ಒಳಗೋಗಿ, ನಾನು ಬಾಗ್ಲು ಹಾಕ್ತೀನಿ. ಸದ್ದು ನಿಂತ್ರೆ ಬಂದು ತೆಗೀತೀನಿ. ಸದ್ದು ಬತ್ತಿದ್ರೆ ಚೆನ್ನಾಗಿದ್ದೀರ ಅಂತ ಲೆಕ್ಕ."

ಹಾಗಾಗಿ ಹಾಡಿನ ನಡುವೆ ನಾವು ಸ್ವಲ್ಪ ಹೊತ್ತು ಸುಮ್ಮನಾದರೆ ಸಾಕು, ಬಾಗಿಲು ತೆರೆದು ಯಲ್ಲಮ್ಮನ ಮುಖ ಕಾಣುತ್ತಿತ್ತು, ಕೈಯಲ್ಲಿ ಮುಳ್ಳು ಬಿಡಿಸುವ ದಪ್ಪ ಕೈಗವಸು.

ಮುನಿರಾಜುವಿನ ಹಾಡು ಅವನು ಮಾತಾಡಿದ ಹಾಗೇ ಇರುತ್ತಿತ್ತು. ಕನ್ನಡದಲ್ಲಿ ಶುರುವಾಗಿ, ಸಿಟ್ಟು ಬಂದಾಗ ತೆಲುಗಿಗೆ ಹೋಗಿ, ಕಾರ್ಖಾನೆಯ ಮೇಸ್ತ್ರಿ ಬಂದಾಗ ತಮಿಳಾಗಿ, ಮತ್ತೆ ಮನೆಗೆ ಬರುವ ಹೊತ್ತಿಗೆ ಕನ್ನಡ. ಅವನ ಮೊದಲ ಹಾಡು ಹೀಗೆ ಶುರುವಾಗುತ್ತಿತ್ತು:

ಬಸ್ಸು ನಿಲ್ನಿಲ್ಲ ಕಣ್ಲಾ, ಧೂಳು ನಿಂತ್ಕಂತು
ಕೈ ಎತ್ತಿದ್ದೆ ನಾನು, ಕೈ ಹಂಗೇ ಉಳ್ಕಂತು

ಹತ್ತನೇ ಸಲ ನುಡಿಸುವಾಗಲೂ ಎರಡನೆಯ ಸಾಲಿಗೆ ನನ್ನ ಮೈ ಜುಮ್ಮೆನ್ನುತ್ತಿತ್ತು. ಗಂಟಲು ಒಡೆಯುವ ಅಂಚಿಗೆ ಹೋಗಿ ಅಲ್ಲೇ ನಿಲ್ಲುವ ಅಂಥ ದನಿಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಆದರೆ ಕೇಳುವವರು ಎಲ್ಲಿದ್ದರು? ಬೆಂಗಳೂರಿನ ಸ್ಪರ್ಧೆಯವರು ಅರ್ಜಿ ನೋಡಿ, ನೀವು ತಮಿಳುನಾಡಿನವರು, ಇದು ನಮ್ಮ ರಾಜ್ಯದ ತಂಡಗಳಿಗೆ ಎಂದರು. ಕೃಷ್ಣಗಿರಿಯವರು ಹಾಡು ತಮಿಳಿನಲ್ಲೇ ಇರಬೇಕು ಎಂದರು. "ಎರಡು ಕಡೇನೂ ಗೇಟು ಹಾಕವ್ರೆ. ನಾವು ಮಧ್ಯ ರೋಡ್ನಾಗೆ ಹಾಡ್ಕಂಡು ಕುಂತ್ಕಬೇಕು" ಎಂದು ಮುನಿರಾಜು ನಕ್ಕಿದ್ದ.

ಆ ವರ್ಷ ಯುಗಾದಿಗೆ ಒಂದು ತಿಂಗಳಿರುವಾಗ, ಆನೇಕಲ್ ಕಡೆಯ ಒಂದು ಕಾಲೇಜಿನ ಉತ್ಸವಕ್ಕೆ ಬರಬೇಕಿದ್ದ ತಂಡ ಕೈಕೊಟ್ಟಿತು. ಸೆಲ್ವಂಗೆ ಪರಿಚಯದ ಸೌಂಡ್ ಸಿಸ್ಟಂ ಹುಡುಗನೊಬ್ಬ ಮಧ್ಯಾಹ್ನ ಫೋನ್ ಮಾಡಿದ. ನಾನು ಕೊನೆಯ ತರಗತಿ ಬಿಟ್ಟು, ಅದೇ ಸೀರೆಯಲ್ಲೇ ಹೋದೆ. ವೇದಿಕೆ ಹತ್ತಿದಾಗ ಮುಂದಿನ ಸಾಲಿನ ಹುಡುಗರು ನನ್ನನ್ನು ನೋಡಿ ನಗುತ್ತಿದ್ದರು. ಬಸ್ಸಿನ ಹಾಡು ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಮೂರನೆಯ ಸಲ ಪಲ್ಲವಿ ಬಂದಾಗ ಇಡೀ ಬಯಲು ಕೈ ಎತ್ತಿ ನಿಂತಿತ್ತು, ಬಾರದ ಬಸ್ಸಿಗೆ ಕೈ ಮಾಡುವವರ ಹಾಗೆ. ಮುನಿರಾಜು ಹಾಡುವುದನ್ನು ನಿಲ್ಲಿಸಿ ಅವರೇ ಹಾಡುವುದನ್ನು ಕೇಳಿದ. ಯಾರೋ ತೆಗೆದ ಆ ವಿಡಿಯೋ ಒಂದು ವಾರದಲ್ಲಿ ನಮ್ಮ ಶಾಲೆಯ ಮಕ್ಕಳ ಫೋನಿಗೂ ಬಂತು.

ಹದಿನೈದು ದಿನಕ್ಕೆ ಪ್ರಸನ್ನ ಬಂದ. ಬೆಂಗಳೂರಿನ ಒಂದು ಸಂಗೀತ ಕಂಪನಿಯವನು. ಒಳ್ಳೆಯ ಮಾತಿನ, ಎಳೆ ವಯಸ್ಸಿನ ಮನುಷ್ಯ. ಶೆಡ್ಡಿನಲ್ಲೇ ಕೂತು ಆರು ಹಾಡು ಕೇಳಿ, ಕಣ್ಣು ಒರೆಸಿಕೊಂಡ. ಅದು ನಾಟಕವಲ್ಲ ಎಂದು ಈಗಲೂ ನಂಬಿದ್ದೇನೆ. ಆಮೇಲೆ ಚೀಲದಿಂದ ಒಪ್ಪಂದದ ಕಾಗದ ತೆಗೆದು ಹೂ ವಿಂಗಡಿಸುವ ಮೇಜಿನ ಮೇಲಿಟ್ಟ. ಇಪ್ಪತ್ತೆರಡು ಪುಟ, ಎಲ್ಲಾ ಇಂಗ್ಲಿಷ್.

"ಟೀಚ್ರೇ, ನೀವೇ ಓದಿ ಹೇಳಿ. ನಮಗೆಲ್ಲಿ ಅರ್ಥಾಯ್ತದೆ" ಎಂದ ಮುನಿರಾಜು.

ನಾನು ಮನಸ್ಸಿನಲ್ಲೇ ಓದಿಕೊಂಡೆ. ಹದಿನಾಲ್ಕನೆಯ ಪುಟದಲ್ಲಿ ಬೆರಳು ನಿಂತಿತು. ನಾಲ್ಕು ವರ್ಷ ಈ ಆರು ಹಾಡುಗಳನ್ನಾಗಲಿ, ಬ್ಯಾಂಡಿನ ಹೆಸರನ್ನಾಗಲಿ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನಾವು ಎಲ್ಲೂ ಬಳಸುವಂತಿಲ್ಲ. ಹಾಡನ್ನು ಯಾವಾಗ ಬಿಡುಗಡೆ ಮಾಡಬೇಕು, ಮಾಡಬೇಕೋ ಬೇಡವೋ ಎಂಬುದು ಕಂಪನಿಯ ಇಚ್ಛೆ. ನಾಲ್ಕು ವರ್ಷದ ಮೇಲೆ ಹಾಡು ನಮ್ಮದು, ಆದರೆ ಧ್ವನಿಮುದ್ರಣ ಎಂದೆಂದಿಗೂ ಅವರದು.

"ಇದೇನು?" ಎಂದು ಆ ಸಾಲಿಗೆ ಬೆರಳಿಟ್ಟು ಪ್ರಸನ್ನನನ್ನು ಕೇಳಿದೆ.

"ಅದು ಎಲ್ಲರಿಗೂ ಇರೋದೇ ಮೇಡಂ. ಜೂನ್‌ನಲ್ಲಿ ಹಾಡು ಹೊರಗಡೆ ಬಂದಮೇಲೆ ಕಾರ್ಯಕ್ರಮಗಳನ್ನ ನಾವೇ ಕೊಡಿಸ್ತೀವಲ್ಲ."

ನಮ್ಮಪ್ಪ ಮೂವತ್ತು ವರ್ಷ ಹೊಸೂರಿನ ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದವರು. ಆಲಸನತ್ತಂನ ನಮ್ಮ ಮನೆಗೆ ಒಂದು ರಾತ್ರಿ ಆ ಕಾಗದ ಒಯ್ದು ಅವರಿಗೆ ತೋರಿಸಬಹುದಿತ್ತು. ತೋರಿಸಿದರೆ ಬೇಡ ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಮುನಿರಾಜು ನನ್ನನ್ನೇ ನೋಡುತ್ತಿದ್ದ. ಸೆಲ್ವಂ ಆಗಲೇ ಪೆನ್ನು ಹಿಡಿದಿದ್ದ. ನನ್ನ ಬೆನ್ನಲ್ಲಿ ಇನ್ನೂ ಆ ಬಯಲಿನ ಕೂಗು ಹರಿಯುತ್ತಿತ್ತು. ಅದು ಮತ್ತೊಮ್ಮೆ ಬೇಕಿತ್ತು ನನಗೆ.

"ಪರವಾಗಿಲ್ಲ, ಹಾಕಬಹುದು" ಎಂದೆ.

ಮೇ ತಿಂಗಳಲ್ಲಿ ಬೆಂಗಳೂರಿನ ಸ್ಟುಡಿಯೋದಲ್ಲಿ ಎರಡು ವಾರ ಧ್ವನಿಮುದ್ರಣ. ನನಗೆ ಬೇಸಿಗೆ ರಜೆ ಇತ್ತು. ಸೆಲ್ವಂಗೆ ಅದು ಮಾವಿನ ಕಾಲ. ಆ ವರ್ಷದ ದುಡಿಮೆ ಬಿಟ್ಟು ಬಂದ. ಮುನಿರಾಜುಗೆ ರಜೆ ಸಿಗಲಿಲ್ಲ, ಹೇಳದೆ ಬಂದ. ವಾಪಸು ಹೋದಾಗ ಕಾರ್ಖಾನೆಯ ಗೇಟಿನಲ್ಲಿ ಅವನ ಗುರುತಿನ ಚೀಟಿ ತೆಗೆದುಕೊಂಡರು. ಅವನು ನೇರ ಕೋಲ್ಡ್ ರೂಮಿಗೆ ಬಂದು, "ಬುಡಿ, ಜೂನ್ ಬತ್ತೈತಲ್ಲ" ಎಂದ.

ಜೂನ್ ಬಂತು. ಜುಲೈ ಬಂತು. ಆಷಾಢದ ಗಾಳಿಗೆ ಗುಲಾಬಿ ಬೆಳೆಯುವ ಪಾಲಿಹೌಸಿನ ಪ್ಲಾಸ್ಟಿಕ್ ಹಾಳೆಗಳು ಹಗಲೂ ರಾತ್ರಿ ಪಟಪಟ ಬಡಿದುಕೊಂಡವು. ಮೊದಮೊದಲು ಪ್ರಸನ್ನ ತಾನೇ ಫೋನ್ ಮಾಡುತ್ತಿದ್ದ. ಆಮೇಲೆ ನಾವು ಮಾಡಿದರೆ ಎತ್ತುತ್ತಿದ್ದ. ಆಗಸ್ಟಿನಲ್ಲಿ ಒಂದು ದಿನ, ತಾನು ಆ ಕಂಪನಿ ಬಿಟ್ಟಿದ್ದೇನೆ, ಇಂಥ ಹಾಡುಗಳ ವಿಭಾಗವನ್ನೇ ಅವರು ಮುಚ್ಚಿದ್ದಾರೆ, ಕ್ಷಮಿಸಿ ಎಂದ. ಹಾಗಾದರೆ ನಮ್ಮ ಹಾಡು ವಾಪಸು ಕೊಡಲಿ ಎಂದೆ. "ಕೊಡೋದಕ್ಕೆ ಈಗ ಅಲ್ಲಿ ಯಾರೂ ಇಲ್ಲ ಮೇಡಂ. ಹಾಗಂತ ಬಿಡೋದೂ ಇಲ್ಲ."

ನಾವು ಅಭ್ಯಾಸ ನಿಲ್ಲಿಸಲಿಲ್ಲ. ಆದರೆ ಹಾಡಲು ವೇದಿಕೆಯಿಲ್ಲದೆ ಅಭ್ಯಾಸ ಮಾಡುವುದು ವಿಚಿತ್ರ ಹಿಂಸೆ. ದಿನದಿನಕ್ಕೆ ಹಾಡು ಚೆನ್ನಾಗುತ್ತಿತ್ತು, ಗೋಡೆಗೆ ಬಡಿದು ನಮ್ಮ ಮೇಲೇ ಬೀಳುತ್ತಿತ್ತು. ಸಣ್ಣ ಸಣ್ಣದಕ್ಕೆ ಜಗಳ ಶುರುವಾಯಿತು. ಮದುವೆಗಳಿಗೆ ಹೋಗಿ ಸಿನಿಮಾ ಹಾಡು ನುಡಿಸೋಣ ಎಂದ ಸೆಲ್ವಂ. ಮುನಿರಾಜು ಒಪ್ಪಲಿಲ್ಲ. "ನಂದೇ ಬಾಯಿಗೆ ಬೀಗ ಬಿದ್ದೈತೆ, ಇನ್ನೊಬ್ರ ಹಾಡಿಗೆ ಯಾಕ್ಲಾ ತೆಗೀಲಿ?" ಹೊಸ ಹಾಡು ಕಟ್ಟು ಎಂದು ನಾನು ಹೇಳಿದೆ. ಅವನು ಕೂತು ನೋಡಿದ. ಎರಡು ಸಾಲು ಬರೆಯುತ್ತಿದ್ದ, ಹೊಡೆದು ಹಾಕುತ್ತಿದ್ದ. ಇದ್ದವು ಒಳಗೆ ಸಿಕ್ಕಿಕೊಂಡಿರುವಾಗ ಹೊಸವು ಹುಟ್ಟಲಿಲ್ಲ.

ಆಯುಧಪೂಜೆಗೆ ಮತ್ತಿಗಿರಿಯ ಒಂದು ಸಣ್ಣ ವರ್ಕ್‌ಶಾಪಿನವರು ಕರೆದರು. ಲೇತ್ ಯಂತ್ರಗಳಿಗೆ ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಬಾಳೆಕಂದಿನ ಕೆಳಗೆ ನಮಗೆ ಜಾಗ ಮಾಡಿದ್ದರು. ನೂರು ಜನ ಇದ್ದರೇನೋ. ಮುನಿರಾಜು ನನ್ನ ಕಡೆ ತಿರುಗಿದ. ಏನು ಕೇಳುತ್ತಿದ್ದಾನೆಂದು ಗೊತ್ತಾಗಿ ಹೂಂ ಎಂದು ತಲೆಯಾಡಿಸಿದೆ. ಬ್ಯಾಂಡಿನ ಹೆಸರು ಹೇಳದೆ ಬಸ್ಸಿನ ಹಾಡು ಶುರು ಮಾಡಿದೆವು. ಆ ದಿನ ಅವನು ಹಾಡಿದ ಹಾಗೆ ಕಾಲೇಜಿನಲ್ಲೂ ಹಾಡಿರಲಿಲ್ಲ. ಎಣ್ಣೆ ಕೈಯ ಗಂಡಸರು ಪೊಂಗಲ್ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಿದ್ದರು.

ಯಾರೋ ಅದನ್ನೂ ವಿಡಿಯೋ ಮಾಡಿ ಹಾಕಿದ್ದರು. ದೀಪಾವಳಿ ಕಳೆದ ವಾರ ರಿಜಿಸ್ಟರ್ಡ್ ಅಂಚೆ ಬಂತು. ಒಪ್ಪಂದದಲ್ಲಿ ನನ್ನ ವಿಳಾಸ ಕೊಟ್ಟಿದ್ದರಿಂದ ನಮ್ಮ ಮನೆಗೇ ಬಂತು, ಅಪ್ಪನೇ ಸಹಿ ಮಾಡಿ ತೆಗೆದುಕೊಂಡರು. ಕಂಪನಿಯಲ್ಲಿ ಹಾಡು ಬಿಡುಗಡೆ ಮಾಡುವವರು ಯಾರೂ ಇರಲಿಲ್ಲ, ನೋಟಿಸು ಕಳಿಸುವವರು ಇದ್ದರು. ಹಾಡಿದ್ದು ತಪ್ಪು, ಕಾಲೇಜಿನದೂ ಸೇರಿ ಎಲ್ಲ ವಿಡಿಯೋ ತೆಗೆಸಬೇಕು, ನಿಮ್ಮ ಬಳಿ ಇರುವ ಎಲ್ಲ ಪ್ರತಿಗಳನ್ನೂ ನಾಶ ಮಾಡಬೇಕು, ಇಲ್ಲದಿದ್ದರೆ ಕೋರ್ಟು. ಅಪ್ಪ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಸಹಿ ಹಾಕೋ ಮುಂಚೆ ನನಗೊಂದು ಮಾತು ಹೇಳಬಾರದಿತ್ತೇನಮ್ಮ?"

ಎದುರಾಡುವುದಕ್ಕೆ ದಾರಿ ಇದೆಯೇ ಎಂದು ಕೇಳಿದೆ. ಇದೆ, ಆದರೆ ಬೆಂಗಳೂರಿನ ಕೋರ್ಟಿಗೆ ಅಲೆಯಬೇಕು, ನಾಲ್ಕು ವರ್ಷ ಅದರಲ್ಲೇ ಕಳೆದುಹೋಗುತ್ತದೆ ಎಂದರು. ಹಾಕಿದವರನ್ನು ಕೇಳಿ ಎರಡೂ ವಿಡಿಯೋ ತೆಗೆಸಿದೆವು. ಆ ಸಂಜೆ ನಾನು ನನ್ನ ಫೋನಿನಲ್ಲಿದ್ದ ಅಭ್ಯಾಸದ ಧ್ವನಿಮುದ್ರಣಗಳನ್ನೆಲ್ಲ ಒಂದೊಂದಾಗಿ ಅಳಿಸಿದೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಅಭ್ಯಾಸವಾದ ಟೀಚರ್ ನಾನು. ಸೆಲ್ವಂ ಹೆದರಿ ಅಳಿಸಿದ. ಮುನಿರಾಜು ಮಾತ್ರ ಹೆದರಿ ಅಳಿಸಿದ್ದಲ್ಲ. ಹಾಡು ಬರೆದಿದ್ದ ನೋಟ್‌ಬುಕ್ಕನ್ನು ಸ್ನಾನದ ಒಲೆಗೆ ಹಾಕಿ, "ಎಲ್ಲಾ ಅವ್ರೇ ಇಟ್ಕಳ್ಳಿ" ಎಂದನಂತೆ. ಯಲ್ಲಮ್ಮ ನನಗೆ ಹೇಳಿದರು.

ಕಾರ್ತಿಕದ ಕೊನೆಯಲ್ಲಿ ಮೂರು ದಿನ ಸೋನೆ ಹಿಡಿದಿತ್ತು. ಮುಂದೇನು ಎಂದು ಮಾತಾಡಲು ಮೂವರೂ ಕೋಲ್ಡ್ ರೂಮಿನಲ್ಲಿ ಸೇರಿದೆವು. ಬರೀ ಮಾತಲ್ಲವೇ ಎಂದು ಹೊಸ್ತಿಲಿಗೆ ಕಲ್ಲು ಕೊಟ್ಟಿದ್ದೆವು. ಯಲ್ಲಮ್ಮ ರೇಷನ್ ಅಂಗಡಿಗೆ ಹೆಬ್ಬೆಟ್ಟು ಒತ್ತಲು ಹೋಗಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಗಾಳಿ ಬೀಸಿತು, ಒದ್ದೆ ಕಲ್ಲು ಜಾರಿತು, ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಅದರ ಹಿಂದೆಯೇ ಕರೆಂಟೂ ಹೋಯಿತು.

ಆ ತಗಡಿನ ಗೋಡೆಯೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಕೂಗಿದೆವು. ಬಾಗಿಲು ಗುದ್ದಿದೆವು. ಆಮೇಲೆ ಮುನಿರಾಜು, "ಬಾರ್ಸಲಾ, ಜೋರಾಗಿ ಬಾರ್ಸು, ಶೆಡ್ಡಲ್ಲಿರೋ ಹೆಂಗಸ್ರಿಗೆ ಕೇಳ್ತದೆ" ಎಂದ. ಸೆಲ್ವಂ ಫೋನಿನ ಬೆಳಕಿನಲ್ಲಿ ಕೂತು ಡ್ರಮ್ಸ್ ಬಾರಿಸತೊಡಗಿದ. ತಾಳವಿಲ್ಲ ಏನಿಲ್ಲ, ಬರೀ ಬಡಿತ. ಅರ್ಧ ಗಂಟೆ. ಒಂದು ಗಂಟೆ. ಯಾರೂ ಬರಲಿಲ್ಲ. ಗಾಳಿ ದಪ್ಪವಾಗುತ್ತಿತ್ತು. ಸೆಲ್ವಂ ಅಳುತ್ತಾ ಬಾರಿಸುತ್ತಿದ್ದ.

ಸಾಯುತ್ತೇವೆ ಎಂದೇ ಅನ್ನಿಸಿತು. ಅದಕ್ಕೇ ಇರಬೇಕು, ಬಾಯಿಬಿಟ್ಟೆ. "ಮುನಿರಾಜು, ಆ ದಿನ ಓದುವಾಗಲೇ ನನಗೆ ಗೊತ್ತಾಗಿತ್ತು. ನಾಲ್ಕು ವರ್ಷ ಹಾಡಬಾರದು ಅಂತ ಬರೆದಿದ್ದು. ಗೊತ್ತಿದ್ದೂ ಪರವಾಗಿಲ್ಲ ಅಂದೆ."

ಡ್ರಮ್ಸಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಹೊರಟೆ. ಅವನು ತಡೆದ.

"ನೀವು ಓದೋವಾಗ ನಾನು ಕಾಗ್ದ ನೋಡ್ತಿರ್ನಿಲ್ಲ ಟೀಚ್ರೇ, ನಿಮ್ಮ ಮಖ ನೋಡ್ತಿದ್ದೆ. ಏನೋ ಕೆಟ್ಟದು ಐತೆ ಅಂತ ಗೊತ್ತಾಯ್ತು. ಏನು ಅಂತ ಕೇಳ್ನಿಲ್ಲ. ಕೇಳಿದ್ರೆ ರುಜು ಹಾಕಕ್ಕಾಗ್ತಿರ್ನಿಲ್ಲ."

ಸೆಲ್ವಂನ ಕೈ ಸೋತು ಬಿತ್ತು. ಮೂವರೂ ಕತ್ತಲಲ್ಲಿ ಸುಮ್ಮನೆ ಕೂತೆವು. ಎಷ್ಟು ಹೊತ್ತೋ. ಆಮೇಲೆ ಚಿಲಕದ ಸದ್ದಾಗಿ, ಬೂದು ಬೆಳಕು ಒಳಗೆ ಬಂತು. ಬಾಗಿಲಲ್ಲಿ ತಿಮ್ಮಾರೆಡ್ಡಿಯವರು ಗೋಣಿಚೀಲ ಹೊದ್ದು ನಿಂತಿದ್ದರು.

"ಏಮಯ್ಯಾ, ಇಷ್ಟೊತ್ತು ಚೆನ್ನಾಗಿ ಬಾರಿಸ್ತಿದ್ರಿ. ನಿಂತೋಯ್ತಲ್ಲ, ಯಲ್ಲಮ್ಮ ಬೇರೆ ಇಲ್ಲ ಅಂತ ಬಂದೆ."

ಸೆಲ್ವಂ ಹೊರಗೆ ಹೋಗಿ ಮಳೆಯಲ್ಲೇ ಕೂತು ವಾಂತಿ ಮಾಡಿಕೊಂಡ. ಶೆಡ್ಡಿನ ಹೆಂಗಸರು ನಮ್ಮ ಮುಖ ನೋಡಿ ಗಾಬರಿಯಾದರು. ಸದ್ದು ಬರುತ್ತಿತ್ತಲ್ಲ, ಚೆನ್ನಾಗಿದ್ದೀರಿ ಅಂದುಕೊಂಡೆವು ಎಂದರು. ಅವರ ತಪ್ಪೇನಿತ್ತು.

ಆಮೇಲೆ ನಾವು ಯಾರೂ ಆ ಕೋಣೆಯೊಳಗೆ ಕಾಲಿಡಲಿಲ್ಲ. ಬ್ಯಾಂಡು ಮುರಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪೊಂಗಲ್ ಹೊತ್ತಿಗೆ ಸೆಲ್ವಂ ಧರ್ಮಪುರಿಯ ಒಂದು ಮದುವೆ ಆರ್ಕೆಸ್ಟ್ರಾ ಸೇರಿದ. ಬಂದು ಹೇಳಿ ಹೋದ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿಕೊಂಡು. ಮುನಿರಾಜುಗೆ ಬೇರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಾನು ಮುಂದಿನ ಯುಗಾದಿಯ ದಿನ ಬೇಸ್ ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ಆಗೀಗ ದಾರಿಯಲ್ಲಿ ಸಿಕ್ಕರೆ ಮುನಿರಾಜು ಬೈಕ್ ನಿಲ್ಲಿಸಿ ಮಾತಾಡಿಸುತ್ತಿದ್ದ, ಮಳೆ ಬೆಳೆ, ಅಪ್ಪನ ಆರೋಗ್ಯ. ಹಾಡಿನ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ.

ನಾಲ್ಕು ವರ್ಷ ಮುಗಿದದ್ದು ಈ ವರ್ಷ. ಆ ತಾರೀಖು ನನಗೆ ಬಾಯಿಪಾಠವಾಗಿತ್ತು. ಆದರೂ ಹೋಗಿ ಅವನನ್ನು ನೋಡಲು ಕಾಲು ಬರಲಿಲ್ಲ. ಹೂವಿನಂಗಡಿಯಿಂದ ಬಂದ ಮೇಲೆ ಎರಡು ರಾತ್ರಿ ನಿದ್ದೆ ಹತ್ತದೆ, ಭಾನುವಾರ ಬೆಳಿಗ್ಗೆ ಬಾಗಲೂರು ಬಸ್ಸು ಹತ್ತಿದೆ.

ಮುನಿರಾಜು ಮನೆಯಲ್ಲೇ ಇದ್ದ. ಮೈ ಸ್ವಲ್ಪ ತುಂಬಿಕೊಂಡಿದ್ದಾನೆ, ಮೀಸೆಯ ಅಂಚಿನಲ್ಲಿ ಒಂದೆರಡು ನರೆ. ಈ ನಡುವೆ ಮದುವೆಯಾಗಿದ್ದ; ಎರಡು ವರ್ಷದ ಮಗಳು ಅವನ ತೊಡೆಯ ಮೇಲೆ ಕೂತಿತ್ತು. ಯಲ್ಲಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಊಟ ಮುಗಿದ ಮೇಲೆ ನಾನು, "ಗಡುವು ಮುಗಿಯಿತು ಮುನಿರಾಜು. ಈಗ ಹಾಡಬಹುದು" ಎಂದೆ.

"ಗೊತ್ತು ಟೀಚ್ರೇ. ನಾನೂ ದಿನ ಎಣಿಸ್ಕಂಡೇ ಇದ್ದೆ." ಮಗಳನ್ನು ಕೆಳಗಿಳಿಸಿದ. "ಮುಗಿದ ದಿನ ಕೆಲ್ಸಕ್ಕೆ ರಜಾ ಹಾಕ್ದೆ. ಕೆರೆ ಏರಿ ಮ್ಯಾಲೆ ಹೋಗಿ ನಿಂತ್ಕಂಡು ಬಾಯಿ ತೆಗ್ದೆ. ಬಸ್ಸು ನಿಲ್ನಿಲ್ಲ ಕಣ್ಲಾ, ಧೂಳು ನಿಂತ್ಕಂತು. ಆಮ್ಯಾಕೆ ಬರ್ನಿಲ್ಲ. ಎರಡ್ನೇ ಸಾಲು ನೆಪ್ಪಾಗ್ನಿಲ್ಲ. ಒಂದೊತ್ತು ಅಲ್ಲೇ ನಿಂತಿದ್ದೆ."

ನನಗೆ ನೆನಪಿತ್ತು. ಹೇಳಿದೆ. ಕೈ ಎತ್ತಿದ್ದೆ ನಾನು, ಕೈ ಹಂಗೇ ಉಳ್ಕಂತು. ಅವನು ಹಾಡಲಿಲ್ಲ. ನಮ್ಮ ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ನನ್ನ ಹಿಂದೆ ಮೆಲ್ಲಗೆ ಹೇಳಿಕೊಂಡ. ಆಮೇಲೆ ಎದ್ದು ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ಹರಿದು ತಂದು ಪೆನ್ನಿನ ಜೊತೆ ನನ್ನ ಮುಂದಿಟ್ಟ.

ಸಂಜೆಯ ತನಕ ಕೂತೆವು. ನನಗೆ ಬಾರದ ಸಾಲು ಅವನಿಗೆ ಬಂತು, ಅವನಿಗೆ ಬಾರದ್ದು ನನ್ನ ಬೆರಳಿಗೆ ಬಂತು. ತೊಡೆಯ ಮೇಲೆ ತಂತಿ ಒತ್ತುವ ಹಾಗೆ ಬೆರಳಾಡಿಸಿದರೆ ಮಾತು ತಾನಾಗಿ ಎದ್ದು ಬರುತ್ತಿತ್ತು. ಸೆಲ್ವಂಗೆ ಫೋನ್ ಮಾಡಿದೆವು. ಅವನು ಮದುವೆಯೊಂದರ ಗದ್ದಲದ ನಡುವಿನಿಂದಲೇ ಒಂದು ಚರಣ ಹೇಳಿದ. ನಾಲ್ಕು ಹಾಡು ಪೂರ್ತಿಯಾದವು. ಐದನೆಯದಕ್ಕೆ ಪಲ್ಲವಿಯ ಅರ್ಧ ಸಾಲು, ಆರನೆಯದಕ್ಕೆ ಏನೂ ಇಲ್ಲ. ಅದು ಯಾವುದರ ಬಗ್ಗೆ ಇತ್ತು ಎಂಬುದು ಕೂಡ ಮೂವರಿಗೂ ಹೊಳೆಯಲಿಲ್ಲ. ಚೆನ್ನಾಗಿತ್ತು ಎಂಬುದು ಮಾತ್ರ ಮೂವರಿಗೂ ನೆನಪಿತ್ತು.

ಮರುದಿನ, ಧ್ವನಿಮುದ್ರಣದ ಒಂದು ಪ್ರತಿ ಕೇಳೋಣವೆಂದು ಕಂಪನಿಯ ನಂಬರಿಗೆ ಫೋನ್ ಮಾಡಿದೆ. ಆ ನಂಬರ್ ಚಾಲ್ತಿಯಲ್ಲಿಲ್ಲ. ಮೇಲ್ ಕಳಿಸಿದೆ, ಹಾಗೇ ವಾಪಸು ಬಂತು. ನೆನಪಿಗೆ ಬಾರದ ಆ ಎರಡು ಹಾಡು ಹಾಡಲು ಈಗ ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅವು ಬೆಂಗಳೂರಿನ ಯಾವುದೋ ಕಂಪ್ಯೂಟರಿನೊಳಗೆ, ಮುನಿರಾಜುವಿನ ಇಪ್ಪತ್ತೇಳನೆಯ ವಯಸ್ಸಿನ ದನಿಯಲ್ಲಿ ಇವೆ.